ಹಸಿರು ಮೇಣದ ಗುಂಡುಗಳು

ಮುರಿದ ಕ್ರೇಯಾನ್ ಚೂರುಗಳನ್ನು ಆರ್ವಿಡ್ ಹೆಗ್‌ಸ್ತಾದ್ ಎಂದೂ ಬಿಸಾಡಿದವನಲ್ಲ. ಕೋಲ್ಡ್ ಫೋರ್ಕ್ ಊರಿನ ಶಾಲೆಯಲ್ಲಿ ಕಸ ಗುಡಿಸಿ, ಬಾಯ್ಲರಿನ ಬೆಂಕಿ ನೋಡಿಕೊಂಡು, ಚಳಿಗಾಲದಲ್ಲಿ ಮೆಟ್ಟಿಲುಗಳ ಮೇಲಿನ ಹಿಮ ಕೆರೆದು ಅವನ ಅರ್ಧ ಆಯಸ್ಸು ಕಳೆದಿತ್ತು. ಸಂಜೆ ಬೆಂಚುಗಳ ಕೆಳಗೆ ಸಿಕ್ಕ ಚೂರುಗಳು ಅವನ ಅಂಗಿಯ ಜೇಬು ಸೇರುತ್ತಿದ್ದವು. ನಿವೃತ್ತನಾದ ಮೇಲೂ ಟೀಚರುಗಳು ಅವನ್ನು ಕಾಫಿ ಡಬ್ಬಿಯಲ್ಲಿ ತುಂಬಿಟ್ಟು, ಶಾಲೆಯ ಬಸ್ಸು ಓಡಿಸುವ ಅವನ ತಮ್ಮನ ಮಗಳು ಜನೆಲ್ ಕೈಯಲ್ಲಿ ಕಳಿಸುತ್ತಿದ್ದರು. ಮಕ್ಕಳು ಮೇಲಿನ ಕಾಗದ ಸುಲಿದು, ಕಚ್ಚಿ, ಮೊಂಡು ಮಾಡಿ ಬಿಟ್ಟ, ಹೆಸರು ಕಳೆದುಕೊಂಡ ಬಣ್ಣಗಳು.

ಆ ಬಣ್ಣಗಳೆಲ್ಲ ಅವನ ಗ್ಯಾರೇಜಿಗೆ ಹೋಗುತ್ತಿದ್ದವು. ಅಲ್ಲಿ ಅವನ ಅಪ್ಪ ಬಿಟ್ಟುಹೋದ ಕಬ್ಬಿಣದ ಅಚ್ಚು ಇತ್ತು. ನೋಡಲು ಇಕ್ಕಳದ ಹಾಗೆ. ತುದಿಯ ಎರಡು ತುಂಡುಗಳನ್ನು ಮುಚ್ಚಿದರೆ ನಡುವೆ ಗುಂಡಿನ ಆಕಾರದ ಪೊಳ್ಳು. ಅಪ್ಪನ ಕೈಬೆವರಿಗೆ ಹಿಡಿಕೆಯ ಮರ ಕಪ್ಪಾಗಿ, ನುಣುಪಾಗಿತ್ತು. ಸೆಪ್ಟೆಂಬರ್ ಬಂತೆಂದರೆ ಆರ್ವಿಡ್ ಒಲೆಯ ಮೇಲೆ ಸೀಸ ಕಾಯಿಸಲು ಕೂರುತ್ತಿದ್ದ. ಕರಗಿದ ಸೀಸಕ್ಕೆ ಗೋಲಿಯಷ್ಟು ಜೇನುಮೇಣ ಹಾಕಿದರೆ ಹೊಗೆ ಎದ್ದು ಕಸವೆಲ್ಲ ಮೇಲೆ ಬರುತ್ತಿತ್ತು. ಬಳಿದು ತೆಗೆದರೆ ಕೆಳಗೆ ಬೆಳ್ಳಿಯಂಥ ಬಯಲು. ಸೌಟಿನಿಂದ ಹೊಯ್ದು, ಉಸಿರು ಬಿಡುವಷ್ಟು ಹೊತ್ತು ಕಾದು, ಅಚ್ಚಿನ ಮೇಲಿನ ಮುಚ್ಚಳವನ್ನು ಮರದ ಹಿಡಿಯಿಂದ ತಟ್ಟಿ ಸರಿಸಿ, ಅಚ್ಚು ತೆರೆದರೆ ಮಡಿಸಿಟ್ಟ ಟವೆಲಿನ ಮೇಲೆ ಗುಂಡು ಮೆತ್ತಗೆ ಉದುರುತ್ತಿತ್ತು. ಎಲ್ಲವೂ ಮೊಂಡು ಮೂತಿಯವು. ಲಿವರ್ ಎಳೆದು ತೋಟಾ ಏರಿಸುವ ರೈಫಲಿನ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಬೆನ್ನಿಗೆ ಇನ್ನೊಂದರ ಮೂಗು ತಾಗಿಸಿಕೊಂಡು ಮಲಗಿರುತ್ತವೆ. ಚೂಪು ಮೂತಿಯದನ್ನು ಹಾಕಿದರೆ ಅದು ಮುಂದಿನದರ ಬೆನ್ನು ಚುಚ್ಚಿ, ಕೈಯಲ್ಲೇ ಸಿಡಿದೀತು. ಆ ಕಣಿವೆಯಲ್ಲಿ ಇದು ಬಾಲವಾಡಿಯ ಮಕ್ಕಳಿಗೂ ಗೊತ್ತು.

ಗುಂಡಿನ ಸುತ್ತಲಿನ ಗೀರುಗಳಿಗೆ ಮೇಣ ತುಂಬಬೇಕು, ಇಲ್ಲದಿದ್ದರೆ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಕ್ರೇಯಾನ್ ಬೇಕಾಗುತ್ತಿದ್ದುದು ಆ ಮೇಣಕ್ಕೆ. ಆರ್ವಿಡ್ ಎರಡು ಬಗೆಯ ಗುಂಡು ಮಾಡುತ್ತಿದ್ದ. ಟೈರ್ ಅಂಗಡಿಯ ಹಳೆಯ ಸೀಸದ್ದು ಮೆದು, ಬೇಟೆಗೆ. ಮುಚ್ಚಿಹೋದ ಪತ್ರಿಕೆಯೊಂದರ ಅಚ್ಚುಮೊಳೆಗಳನ್ನು ಬೆರೆಸಿದ್ದು ಗಟ್ಟಿ, ಬೇಸಿಗೆಯಲ್ಲಿ ಕಬ್ಬಿಣದ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಕ್ಕೆ. ಮೆದು ಗುಂಡು ಮಾಂಸದೊಳಗೆ ಹೊಕ್ಕು ಅರಳುತ್ತದೆ, ಪ್ರಾಣಿ ಅಲ್ಲೇ ಕುಸಿಯುತ್ತದೆ. ಗಟ್ಟಿಯದು ದಬ್ಬಳದ ಹಾಗೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ನಡೆದುಕೊಂಡೇ ಹೋಗಿ ಎಲ್ಲೋ ನರಳುತ್ತದೆ. ಎರಡೂ ಹುಟ್ಟುವುದು ಒಂದೇ ಅಚ್ಚಿನಲ್ಲಿ. ಡಬ್ಬಿಯ ಮೇಲೆ ಚೀಟಿ ಅಂಟಿಸಿ ನೋಡಿದ್ದ. ಜನ ತೆಗೆದು, ಎಣಿಸಿ, ಬೇರೆ ಡಬ್ಬಿಗೆ ತುಂಬಿಬಿಡುತ್ತಿದ್ದರು. ಆಗ ಹೊಳೆದದ್ದು ಬಣ್ಣ. ಮೆದುವಿಗೆ ಹಸಿರು ಮೇಣ, ಗಟ್ಟಿಗೆ ಕೆಂಪು ಮೇಣ. ಗುಂಡೇ ತನ್ನ ಹೆಸರು ಹೇಳುವಾಗ ತಪ್ಪೆಲ್ಲಿ ಆದೀತು? ಕಣಿವೆಯ ಬೇಟೆಗಾರರಲ್ಲಿ 'ಹಸಿರು ಕೊಡು' ಅಂದರೆ ಸಾಕಾಗಿತ್ತು. ದುಡ್ಡಿನ ಮಾತಿರಲಿಲ್ಲ. ಹಿಮ ಬೀಳುವ ಹೊತ್ತಿಗೆ ಅವನ ಬಾಗಿಲಿಗೆ ಮಾಂಸದ ಸಾಸೇಜು, ಕಾಡುಹಣ್ಣಿನ ಜಾಮು, ಸೀಳಿದ ಸೌದೆ ಬಂದು ಬೀಳುತ್ತಿದ್ದವು.

ಕಳೆದ ಎರಡು ವರ್ಷದಿಂದ ಅವನ ಕಣ್ಣಿನ ಮೇಲೆ ಪೊರೆ ಇಳಿಯುತ್ತಿತ್ತು. ಮೊದಮೊದಲು ಗ್ಯಾರೇಜಿನ ದೀಪ ಮಂಕಾಯಿತೆಂದು ಬಲ್ಬು ಬದಲಿಸಿದ್ದ. ಆಮೇಲೆ ಲೋಕವೆಲ್ಲ ಚಹಾ ಚೆಲ್ಲಿದ ಬಟ್ಟೆಯ ಹಾಗೆ ಕಾಣತೊಡಗಿತು. ಕಡುಗೆಂಪೂ ಕಡುಹಸಿರೂ ಸಂಜೆಯ ಹೊತ್ತಿಗೆ ಒಂದೇ ಕಂದಾಗುತ್ತಿದ್ದವು. ಪೇಟೆಯ ಡಾಕ್ಟರು ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದರು. ಬೇಟೆಯ ಕಾಲ ಮುಗಿಯಲಿ ಎಂದು ಆರ್ವಿಡ್ ಮುಂದೂಡಿದ್ದ. ಯಾರಿಗೂ ಹೇಳಿರಲಿಲ್ಲ. ರೈಫಲ್ಲನ್ನು ಜನೆಲ್‌ಗೆ ಕೊಟ್ಟಾಗ ಕೂಡ, "ಸೊಂಟ ನೋವು ಕಣಮ್ಮ, ಗುಡ್ಡ ಹತ್ತೋಕಾಗಲ್ಲ" ಅಂದಿದ್ದನೇ ಹೊರತು ಕಣ್ಣಿನ ಮಾತೆತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಗುಂಡಿನ ಡಬ್ಬಿಗಳನ್ನು ಲೊರೇನಳ ಹೋಟೆಲಿಗೆ ಒಯ್ದಿಟ್ಟ. ಕೋಲ್ಡ್ ಫೋರ್ಕಿನಲ್ಲಿ ಪೆಟ್ರೋಲು, ಕಾಫಿ, ಊರ ಸುದ್ದಿ ಮೂರೂ ಸಿಗುವ ಜಾಗ ಅದು. ಬೇಟೆಗೆ ಹೊರಡುವವರು ಗಲ್ಲಾದ ಪಕ್ಕದಿಂದ ತಮಗೆ ಬೇಕಾದಷ್ಟು ಹಸಿರು ಎತ್ತಿಕೊಂಡು ಹೋಗಿ, ಮನೆಯಲ್ಲಿ ತಾವೇ ತೋಟಾಗಳಿಗೆ ಕೂರಿಸಿಕೊಳ್ಳುತ್ತಿದ್ದರು.

"ಏನಯ್ಯಾ ಆರ್ವಿಡ್, ಎಪ್ಪತ್ತು ದಾಟಿದ್ರೂ ಕ್ರೇಯಾನ್ ಬಿಟ್ಟಿಲ್ವಲ್ಲ" ಅಂದಳು ಲೊರೇನ್. "ಪೆನ್ಸಿಲ್ ಯಾವಾಗ ಕೊಡ್ತಾರಂತೆ ನಿಂಗೆ?"

"ನಿನ್ನ ಪ್ಯಾನ್‌ಕೇಕ್ ಕರಗಿಸಿ ಅಚ್ಚಿಗೆ ಹೊಯ್ದ್ರೆ ಅಚ್ಚುಮೊಳೆ ಸೀಸಾನೇ ಬೇಕಾಗಿರಲಿಲ್ಲ ಕಣೇ. ಅಷ್ಟು ಗಟ್ಟಿ."

"ಹಲ್ಲಿರೋರಿಗೆ ಮಾಡೋದು ನಾನು. ನೀನು ಸೂಪು ಕುಡಿ."

ಬೇಟೆಯ ಮೊದಲ ದಿನ ಇನ್ನೂ ಕತ್ತಲಿರುವಾಗಲೇ ಜನೆಲ್ ಪಿಕಪ್ ತಂದು ಹಾರ್ನ್ ಮಾಡಿದಳು. ಆ ವರ್ಷ ಅವಳಿಗೆ ಹೆಣ್ಣು ಎಲ್ಕ್ ಹೊಡೆಯುವ ಪರವಾನಗಿ ಸಿಕ್ಕಿತ್ತು. ಕುದುರೆಯೆತ್ತರದ ಜಿಂಕೆ ಅದು, ಒಂದು ಸಿಕ್ಕರೆ ಅವಳ ಮನೆಗೂ ಅವನ ಮನೆಗೂ ವಸಂತದ ತನಕ ಮಾಂಸದ ಚಿಂತೆಯಿಲ್ಲ. ತೋಟಾಗಳನ್ನು ಆರ್ವಿಡ್ ತಾನೇ ತುಂಬಿ ಕೊಟ್ಟಿದ್ದ.

ಗುಡ್ಡದ ಬುಡದ ರಸ್ತೆಯಲ್ಲಿ ಅವನನ್ನೂ ಪಿಕಪ್ಪನ್ನೂ ಬಿಟ್ಟು ಅವಳು ಮರಗಳ ನಡುವೆ ಹತ್ತಿಹೋದಳು. ಆರ್ವಿಡ್ ಥರ್ಮಾಸಿನ ಕಾಫಿ ಕುಡಿದ. ಬೆಳಕು ಹರಿಯಿತು, ಅವನ ಪಾಲಿಗೆ ಅದೂ ಕಂದು ಬೆಳಕು. ಒಂದು ಗುಂಡಿನ ಸದ್ದು ಕೇಳಿತು. ಎರಡನೆಯದಕ್ಕೆ ಕಿವಿಗೊಟ್ಟ. ಬರಲಿಲ್ಲ. ಒಂದೇ ಏಟು ಎಂದರೆ ಬಿದ್ದಿತೆಂದು ಅರ್ಥ. ಅವನ ಮುಖ ಅರಳಿತು. ಥರ್ಮಾಸಿನ ಮುಚ್ಚಳ ತಿರುಗಿಸಿ, ಹಿಂದಿನಿಂದ ಹಗ್ಗ, ಚಾಕು, ಮಾಂಸದ ಚೀಲಗಳನ್ನು ಎಳೆದಿಟ್ಟುಕೊಂಡ.

ಜನೆಲ್ ಬಂದಾಗ ಅವಳ ಹೆಜ್ಜೆಯಲ್ಲೇ ಏನೋ ತಪ್ಪಿರುವುದು ಕೇಳಿಸಿತು.

"ಬಿದ್ದಿಲ್ಲ ದೊಡ್ಡಪ್ಪ."

"ತಪ್ಪಿತಾ?"

"ಇಲ್ಲ. ಹೆಗಲಿನ ಹಿಂದೇನೇ ಬಿತ್ತು, ಕೂದಲು ಹಾರಿದ್ದು ನೋಡ್ದೆ. ನೊಣ ಕಚ್ಚಿದ ಹಾಗೆ ಸ್ವಲ್ಪ ಬೆಚ್ಚಿತು, ಅಷ್ಟೇ. ಆಮೇಲೆ ನಡ್ಕೊಂಡು ಹೋಯ್ತು. ಮರ ಅಡ್ಡ ಬಂತು, ಇನ್ನೊಂದು ಹೊಡೆಯೋಕಾಗಲಿಲ್ಲ."

"ಓಡಲಿಲ್ವಾ?"

"ಸಂತೆಗೆ ಹೋಗೋರ ಹಾಗೆ ನಡ್ಕೊಂಡು ಹೋಯ್ತು ಅಂತಿದೀನಲ್ಲ."

ಬೆನ್ನಟ್ಟಿದರೆ ಇನ್ನೂ ದೂರ ಹೋಗುತ್ತದೆ, ಮಲಗಲು ಬಿಡಬೇಕು. ಇಬ್ಬರೂ ಕಾದರು. ಆಮೇಲೆ ಜನೆಲ್ ಜಾಡು ಹಿಡಿದು ಹೋದಳು. ಹಿಮದ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಮಾತ್ರ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಬಗ್ಗಿ ಬಗ್ಗಿ ಹುಡುಕಬೇಕಾಯಿತು. ಜಾಡು ಇಳಿಜಾರಿನಲ್ಲಿ ರಸ್ತೆ ದಾಟಿ ಮತ್ತೆ ಕೆಳಗಿಳಿದಿತ್ತು. ಆರ್ವಿಡ್ ಪಿಕಪ್ಪನ್ನು ಆಮೆಯ ಹಾಗೆ ಓಡಿಸಿಕೊಂಡು ರಸ್ತೆಯಂಚಿನಲ್ಲೇ ಹಿಂಬಾಲಿಸಿದ. ಬೇಲಿಯ ಹತ್ತಿರ ಅವಳು ನಿಂತುಬಿಟ್ಟಳು. ಮೇಲಿನ ತಂತಿಗೆ ಒರಟು ಕೂದಲು ಸಿಕ್ಕಿಕೊಂಡಿತ್ತು. ಬೇಲಿಯ ಕಂಬಗಳಿಗೆಲ್ಲ ಕಿತ್ತಳೆ ಬಣ್ಣ ಬಳಿದಿತ್ತು. ಒಳಗೆ ಕಾಲಿಡಬೇಡ ಎಂದು ಹೇಳಲು ಆ ಸೀಮೆಯಲ್ಲಿ ಬೇರೆ ಬೋರ್ಡು ಬೇಕಿಲ್ಲ.

ಆಚೆ ಹುಲ್ಲುಗಾವಲು, ಅದರ ಕೊನೆಯಲ್ಲಿ ತೊರೆ, ತೊರೆಯ ದಂಡೆಯಲ್ಲಿ ಎತ್ತರದ ಪೊದೆಗಿಡಗಳು. ಅವುಗಳ ಮುಂದೆ ಎಲ್ಕ್ ಮಲಗಿತ್ತು. ತಲೆ ಎತ್ತಿಕೊಂಡೇ ಇತ್ತು.

"ಕಾಣಿಸ್ತಾ ದೊಡ್ಡಪ್ಪ? ಆ ಬಾಗಿದ ಗಿಡದ ಎಡಕ್ಕೆ."

"ಹೂಂ" ಅಂದ ಆರ್ವಿಡ್. ಅವನಿಗೆ ಕಂಡದ್ದು ಕಂದಿನ ಮೇಲೊಂದು ಕಂದು ಮಚ್ಚೆ.

ಅಲ್ಲಿಂದ ಹೊಡೆಯುವಂತಿರಲಿಲ್ಲ. ಆ ರೈಫಲಿನ ಕೈಗೆಟುಕದ ದೂರ. ಎಟುಕಿದರೂ ಪರರ ನೆಲದೊಳಕ್ಕೆ ಗುಂಡು ಹಾರಿಸುವಂತಿಲ್ಲ. ಜನೆಲ್ ಫೋನ್ ಹಿಡಿದು ಸಿಗ್ನಲ್ ಸಿಗುವವರೆಗೆ ರಸ್ತೆಯಲ್ಲಿ ಅತ್ತಿತ್ತ ಓಡಾಡಿದಳು. ಅರಣ್ಯದ ವಾರ್ಡನ್ ಬೆಟ್ಟದ ಆಚೆ ಬದಿಯಲ್ಲಿದ್ದ, ಕತ್ತಲಿಗೆ ಮುಂಚೆ ಬರಲಾರೆನೆಂದ. ಬೇಲಿಯಾಚೆಯ ನೆಲವೆಲ್ಲ ಸೇರಿದ್ದ ದನಗಳ ರ‍್ಯಾಂಚಿನ ಮ್ಯಾನೇಜರ್ ಕೋಲ್ಬಿ ಮಾತ್ರ ಬರುತ್ತೇನೆಂದ.

ಅವನು ಬರುವ ತನಕ ಪಿಕಪ್ಪಿನಲ್ಲಿ ಕೂರಲು ಹೊರಟ ಜನೆಲ್ ರೂಢಿಯಂತೆ ರೈಫಲ್ ಬರಿದು ಮಾಡಿದಳು. ಲಿವರ್ ಎಳೆದೆಳೆದು ತೋಟಾಗಳನ್ನು ಆರ್ವಿಡನ ಅಂಗೈಗೆ ಉದುರಿಸಿದಳು. ಹಿತ್ತಾಳೆಯಿಂದ ಮೊಂಡು ಮೂತಿಗಳು ಇಣುಕುತ್ತಿದ್ದವು. ಬಣ್ಣದ ಮೇಣ ತುಂಬಿದ ಗೀರುಗಳೆಲ್ಲ ಹಿತ್ತಾಳೆಯೊಳಗೆ ಅಡಗಿರುತ್ತವೆ, ಹೊರಗೆ ಬೂದು ಸೀಸ ಮಾತ್ರ. ಸುಮ್ಮನೆ ಕೂತವನ ಹೆಬ್ಬೆರಳು ತನ್ನಷ್ಟಕ್ಕೆ ಒಂದು ಮೂತಿಯನ್ನು ಸವರಿತು. ಉಗುರು ಒತ್ತಿದ. ಮೆದು ಸೀಸವಾದರೆ ಉಗುರಿನ ಅಂಚು ಬೆಣ್ಣೆಯಲ್ಲಿ ಇಳಿದ ಹಾಗೆ ಗೆರೆ ಬೀಳಬೇಕು. ಉಗುರು ಜಾರಿತು. ಇನ್ನೊಂದು ತೋಟಾ ತೆಗೆದುಕೊಂಡು ಇನ್ನೂ ಜೋರಾಗಿ ಒತ್ತಿದ. ಅದೂ ಜಾರಿತು. ಮೂರನೆಯದನ್ನು ಒತ್ತುವಾಗ ಉಗುರಿನ ಬುಡ ಬೆಳ್ಳಗಾಯಿತು.

ಸೆಪ್ಟೆಂಬರಿನ ಆ ಸಂಜೆ ಕಣ್ಣ ಮುಂದೆ ಬಂತು. ಗಟ್ಟಿ ಗುಂಡುಗಳನ್ನು ಬಾಣಲೆಯಲ್ಲಿ ನಿಲ್ಲಿಸಿ, ಮೇಣ ಕರಗಿಸಿ, ಕಾಫಿ ಡಬ್ಬಿಗೆ ಕೈ ಹಾಕಿ ಕೆಂಪು ಚೂರನ್ನು ತೆಗೆದಿದ್ದ. ಕೆಂಪು ಎಂದುಕೊಂಡದ್ದನ್ನು. ದೀಪಕ್ಕೆ ಹಿಡಿದು ನೋಡಿದ್ದೂ ಉಂಟು. ಆದರೂ ಇರಲಿ ಎಂದು ಹಾಕಿಬಿಟ್ಟಿದ್ದ.

"ಏನು ಮಾಡ್ತಿದ್ದೀರಿ ದೊಡ್ಡಪ್ಪ?"

"ಏನಿಲ್ಲಮ್ಮ" ಅಂದ. ತೋಟಾಗಳನ್ನು ಜೇಬಿಗೆ ಹಾಕಿಕೊಂಡ.

ಕೋಲ್ಬಿ ಬೇಲಿಯ ಒಳಗಡೆಯಿಂದ ಬಂದ. ನಲವತ್ತರ ಆಳು. ಅವನು ಮೂರನೆಯ ಕ್ಲಾಸಿನಲ್ಲಿದ್ದಾಗ ಹಿಮದಲ್ಲಿ ಒದ್ದೆಯಾದ ಅವನ ಕೈಗವಸುಗಳನ್ನು ಆರ್ವಿಡ್ ಬಾಯ್ಲರಿನ ಮೇಲೆ ಒಣಗಿಸಿ ಕೊಟ್ಟಿದ್ದ.

"ನಮಸ್ಕಾರ ಆರ್ವಿಡ್ ಮಾಮ. ಕಂಡೆ ನಾನೂ, ಬರ್ತಾ. ಇನ್ನೂ ಜೀವ ಇದೆ."

"ಹೋಗಿ ಮುಗಿಸಿ ಬರ್ತೀವಪ್ಪ. ಅರ್ಧ ಗಂಟೆ."

ಕೋಲ್ಬಿ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ. "ಹೋದ್ ವರ್ಷ ಹೀಗೇ ಹೊಡೆದದ್ದು ಒಳಗೆ ಬಂತು ಅಂತ ನಾಲ್ಕು ಜನ ಬಂದ್ರು ಮಾಮ. ಹೊಡೆದದ್ದೂ ಇಲ್ಲ, ಏನೂ ಇಲ್ಲ, ಒಳಗೆ ಬಂದು ಗಂಡು ಎಲ್ಕ್ ಹೊಡೆದ್ರು. ಅವತ್ತಿಂದ ಧಣಿ ಯಾರನ್ನೂ ಬಿಡಬೇಡ ಅಂದಿದ್ದಾರೆ. ಯಾರನ್ನೂ ಅಂದ್ರೆ ಯಾರನ್ನೂ."

"ಸುಳ್ಳು ಹೇಳೋಳ ಹಾಗೆ ಕಾಣ್ತೀನಾ ನಾನು?" ಅಂದಳು ಜನೆಲ್. "ನಿನ್ನ ಮಕ್ಕಳನ್ನ ದಿನಾ ಶಾಲೆಗೆ ಬಿಡೋಳು ನಾನು. ಅಲ್ಲಿ ಮಲಗಿರೋದು ಕಣ್ಣಿಗೆ ಕಾಣ್ತಿದೆಯಲ್ಲೋ!"

"ಕಾಣ್ತಿದೆ ಕಣೇ. ಅದಕ್ಕೇ ಫೋನ್ ಮಾಡ್ತಾ ಇದೀನಿ ಅವರಿಗೆ, ಹೊರಟಾಗಿಂದ. ಎತ್ತಲ್ಲ. ಎಲ್ಲೋ ಸಮುದ್ರದ ಮೇಲಿದ್ದಾರಂತೆ, ಹಡಗಲ್ಲಿ."

"ಹಾಗಾದ್ರೆ ನೀನೇ ಹೋಗಿ ಮುಗಿಸು. ನನ್ನ ರೈಫಲ್ ತಗೋ."

"ಪರವಾನಗಿ ನಿಂದು, ನಂದಲ್ಲ. ನಾನು ಹೊಡೆದ್ರೆ ಕಳ್ಳಬೇಟೆ. ಧಣಿ ಕೆಲಸದಿಂದ ತೆಗೀತಾರೆ, ವಾರ್ಡನ್ ದಂಡ ಹಾಕ್ತಾನೆ. ಮಾಮ, ನೀವೇ ಹೇಳಿ ಇವಳಿಗೆ."

ಆರ್ವಿಡ್ ಬೇಲಿಯ ಕಂಬ ಹಿಡಿದುಕೊಂಡು ನಿಂತಿದ್ದ. "ತಪ್ಪು ಅವಳದ್ದಲ್ಲ ಕೋಲ್ಬಿ" ಅಂದ. "ಏಟು ಸರಿಯಾಗೇ ಬಿದ್ದಿದೆ. ಗುಂಡು ತಪ್ಪು. ಗಟ್ಟಿ ಗುಂಡು ಕೊಟ್ಟೆ ನಾನು."

ಇಬ್ಬರೂ ಅವನತ್ತ ತಿರುಗಿದರು.

"ಹಸಿರೇ ಇತ್ತಲ್ಲ ದೊಡ್ಡಪ್ಪ. ನಾನೇ ನೋಡಿದೀನಿ, ನೀವು ತುಂಬೋವಾಗ."

"ಹಸಿರು ಇತ್ತು. ಅದೇ. ಕೆಂಪು ಅಂತ ಹಾಕಿದ್ದೆ. ಹಸಿರು ಬಿದ್ದಿದೆ." ಕಂಬದಿಂದ ಕೈ ತೆಗೆದ. "ನಂಗೆ ಬಣ್ಣ ಗೊತ್ತಾಗ್ತಿಲ್ಲ ಜನೆಲ್. ಎರಡು ವರ್ಷ ಆಯ್ತು. ಆ ಮಲಗಿರೋದೂ ಕಾಣ್ತಿಲ್ಲ. ಹೂಂ ಅಂದೆ, ಅಷ್ಟೇ."

ಕೋಲ್ಬಿ ನೆಲ ನೋಡಿದ. ಮತ್ತೆ ಫೋನ್ ಕಿವಿಗಿಟ್ಟುಕೊಂಡು ದೂರ ನಡೆದ. ಆ ಕಡೆ ಗಂಟೆ ಬಡಿಯುತ್ತಲೇ ಇತ್ತು, ಬಡಿದು ನಿಂತಿತು. ಅವನು ಇನ್ನೊಮ್ಮೆ ಒತ್ತಿದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮಧ್ಯಾಹ್ನವೆಲ್ಲ ಅವರು ಅಲ್ಲಿಯೇ ಇದ್ದರು. ಆರ್ವಿಡ್ ಕೇಳಿಕೊಂಡಿದ್ದಕ್ಕೆ ಜನೆಲ್ ದುರ್ಬೀನಿನಲ್ಲಿ ನೋಡಿ ನೋಡಿ ಹೇಳುತ್ತಿದ್ದಳು. ತಲೆ ಎತ್ತಿಕೊಂಡೇ ಇದೆ. ಕಿವಿ ಆಡಿಸ್ತಿದೆ. ಪಕ್ಕೆ ಜೋರಾಗಿ ಏರಿಳೀತಿದೆ. ಕಾಗೆ ಬಂದು ಕೂತಿದೆ ಹತ್ತಿರ, ಅದನ್ನೇ ನೋಡ್ತಿದೆ. ತಲೆ ಕೆಳಗಿಡ್ತು. ಇಲ್ಲ, ಮತ್ತೆ ಎತ್ತಿತು.

"ಸಾಕು ಬಿಡಮ್ಮ" ಅಂದ ಅವನು. ಸ್ವಲ್ಪ ಹೊತ್ತಿಗೆ ಮತ್ತೆ ತಾನೇ, "ಈಗ?" ಅಂದ.

ಹಿಮ ಉದುರತೊಡಗಿತು. ಬೆಳಕು ಇಳಿಯುವ ಹೊತ್ತಿಗೆ ಎಲ್ಕ್ ಮುಂಗಾಲು ಊರಿ ಎದ್ದಿತು, ಬೀಳುವಂತಾಗಿ ಮತ್ತೆ ನಿಂತಿತು, ತೊರೆಯ ನೀರಿಗಿಳಿದು ಗಿಡಗಳ ಆಚೆಗೆ ಹೋಯಿತು. ಜನೆಲ್ ದುರ್ಬೀನು ಇಳಿಸಿದಳು.

ಅವಳು ಜೇಬಿನಿಂದ ಪರವಾನಗಿಯ ಚೀಟಿ ತೆಗೆದು, ಪಿಕಪ್ಪಿನ ಮುಂಭಾಗದ ಮೇಲಿಟ್ಟು, ಚಾಕುವಿನಿಂದ ತಿಂಗಳನ್ನೂ ತಾರೀಕನ್ನೂ ಕತ್ತರಿಸಿದಳು. ಪ್ರಾಣಿ ಕೈಗೆ ಬಂದಾಗ ಮಾಡುವ ಕೆಲಸ ಅದು. ಕತ್ತರಿಸಿದರೆ ಆ ವರ್ಷಕ್ಕೆ ಬೇಟೆ ಮುಗಿಯಿತು.

"ಕತ್ತರಿಸಬೇಕು ಅಂತ ಕಾನೂನಿಲ್ಲ ಕಣೇ" ಅಂದ ಕೋಲ್ಬಿ ಬೇಲಿಯ ಒಳಗಿನಿಂದ. "ಸಿಗಲಿಲ್ಲವಲ್ಲ ನಿಂಗೆ. ನಾಳೆ ಇನ್ನೊಂದು ಹೊಡೀಬಹುದು."

"ಅದು ನಂದೇ. ಮತ್ಯಾರದ್ದು?" ಅಂದಳು ಜನೆಲ್.

ಆರ್ವಿಡನಿಗೆ ಅವಳ ಕೈಯಿಂದ ಚಾಕು ಕಸಿದುಕೊಳ್ಳಬೇಕೆನಿಸಿತು. ಕತ್ತರಿಸಿದ ಕಾಗದದ ಚೂರು ಹಾರಿ ಹಿಮದಲ್ಲಿ ಸೇರಿಹೋಯಿತು.

ವಾಪಸು ಬರುವಾಗ, ಸೇತುವೆ ದಾಟಿದ ಮೇಲೆ ಜನೆಲ್ ಕೇಳಿದಳು: "ದೊಡ್ಡಪ್ಪ, ಆ ಬಾಣಲೆಯಲ್ಲಿದ್ದದ್ದೆಲ್ಲ ನಂಗೇ ಕೊಟ್ರಾ?"

ಅವನು ಆ ಪ್ರಶ್ನೆಗೆ ಹೆದರಿಕೊಂಡೇ ಕೂತಿದ್ದ. "ಇಲ್ಲ. ಮಾರನೇ ದಿನ ಬಿಸಿಲಲ್ಲಿ ನೋಡ್ದಾಗ ಹಸಿರು ಕಾಣ್ತು, ಮೆದುವೇ ಅಂದ್ಕೊಂಡು ಹಸಿರಿನ ಜೊತೆ ಬೆರೆಸಿಬಿಟ್ಟೆ. ಲೊರೇನ್ ಹತ್ರ ಹೋಗಿವೆ."

ಲೊರೇನ್ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತಿದ್ದಳು. ಅವರ ಮುಖ ನೋಡಿ ತಮಾಷೆ ಮಾಡಲು ತೆರೆದ ಬಾಯಿ ಮುಚ್ಚಿಕೊಂಡಳು. ಗಲ್ಲಾದ ಪಕ್ಕದ ಡಬ್ಬಿಗಳಲ್ಲಿ ತಳಕ್ಕೆ ಉಳಿದದ್ದು ಒಂದು ಹಿಡಿ. ಆರ್ವಿಡ್ ಅವನ್ನು ಮೇಜಿಗೆ ಸುರಿದು ಒಂದೊಂದಕ್ಕೂ ಉಗುರು ಒತ್ತಿದ. ಒಂದಕ್ಕೆ ಗೆರೆ ಬಿತ್ತು. ಮುಂದಿನದಕ್ಕೂ ಬಿತ್ತು. ಅದರ ಮುಂದಿನದು ಜಾರಿತು.

"ಯಾರ್ಯಾರು ತಗೊಂಡು ಹೋದ್ರು?" ಜನೆಲ್ ಕೇಳಿದಳು.

"ಯಾರು ತಗೊಂಡಿಲ್ಲ ಅಂತ ಕೇಳು" ಅಂದಳು ಲೊರೇನ್. "ಎಲ್ಲಾ ಮೇಲಿನ ಕ್ಯಾಂಪುಗಳಲ್ಲಿದ್ದಾರೆ. ಅಲ್ಲಿ ಫೋನ್ ಎಲ್ಲಿ ಬರತ್ತೆ? ಭಾನುವಾರ ರಾತ್ರಿ ಇಳಿದು ಬರ್ತಾರೆ."

ಆದರೂ ಜನೆಲ್ ಪಿಕಪ್ ತಿರುಗಿಸಿ ಮೇಲಿನ ರಸ್ತೆ ಹಿಡಿದಳು. ಹಿಮ ದಪ್ಪವಾಗಿ ಬೀಳುತ್ತಿತ್ತು. ಮೊದಲ ತಿರುವಿನಾಚೆ ಚಕ್ರಗಳು ಸುಮ್ಮನೆ ಸುತ್ತತೊಡಗಿದವು. ಜಾರದಂತೆ ಚಕ್ರಗಳಿಗೆ ಚೈನು ಸುತ್ತಿದರೂ ಗಾಡಿ ಹಳ್ಳದ ಕಡೆಗೇ ಜಾರಿತು. ಅವಳು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಳು. "ಆಗಲ್ಲ ದೊಡ್ಡಪ್ಪ" ಅಂದಳು. ಹಿಂದೆ ಹಿಂದೆಯೇ ಇಳಿಸಿಕೊಂಡು ಬಂದಳು. ಅವನನ್ನು ಮನೆಯ ಮುಂದೆ ಇಳಿಸಿ, ಬಾಗಿಲ ತನಕ ತೋಳು ಹಿಡಿದು ನಡೆಸಿದಳು. ಇದುವರೆಗೆ ಯಾರೂ ಅವನ ತೋಳು ಹಿಡಿದಿರಲಿಲ್ಲ.

ಬೆಳಗಿನ ಹೊತ್ತಿಗೆ ಹಿಮ ನಿಂತಿತ್ತು. ಬೇಟೆಗೆ ಹೇಳಿ ಮಾಡಿಸಿದಂಥ ಬೆಳಗು. ಹೊಸ ಹಿಮದಲ್ಲಿ ಹೆಜ್ಜೆಗಳೆಲ್ಲ ಕಾಣುತ್ತವೆ. ಆರ್ವಿಡ್ ಕೋಟು ಹಾಕಿಕೊಂಡು ವರಾಂಡದ ಬೆಂಚಿನ ಮೇಲೆ ಬಂದು ಕೂತ. ಬೆಟ್ಟಗಳು ಎಲ್ಲಿವೆಯೋ ಅಲ್ಲೊಂದು ಮಬ್ಬು ಗೋಡೆ ಇತ್ತು. ಕಿವಿ ಮಾತ್ರ ಸರಿಯಾಗಿತ್ತು.

ಉತ್ತರದ ಕಡೆಯಿಂದ ಒಂದು ಗುಂಡು ಕೇಳಿಸಿತು. ಅವನು ಉಸಿರು ಹಿಡಿದ. ಮೌನ ಉದ್ದವಾಗುತ್ತಾ ಹೋಯಿತು. ಬಿದ್ದಿರಬೇಕು ಎಂದುಕೊಂಡ. ಆಮೇಲೆ, ನಿನ್ನೆಯೂ ಒಂದೇ ಏಟು ಕೇಳಿ ತಾನು ಚೀಲಗಳನ್ನು ಎಳೆದಿಟ್ಟುಕೊಂಡದ್ದು ನೆನಪಾಯಿತು.

ತೊರೆಯ ಮೇಲ್ಗಡೆಯಿಂದ ಇನ್ನೊಂದು ಕೇಳಿಸಿತು. ಅದರ ಬೆನ್ನಿಗೇ ಮತ್ತೊಂದು. ಸ್ವಲ್ಪ ಬಿಟ್ಟು, ಇನ್ನೂ ದೂರದಿಂದ, ಮಗದೊಂದು.